ರಸಸಾರ ಒಂದು ಪಾಯಿಂಟ್ ಇಳಿದರೆ ಏನಾಯಿತು? ಲಾಗರಿದಮ್ ಎಂಬ ‘ಎಷ್ಟು ಸಲ’ದ ಲೆಕ್ಕ

ನಮ್ಮ ಅಡಿಕೆ ತೋಟದ ಮಣ್ಣು ಪರೀಕ್ಷೆಯ ಕಾರ್ಡು ಬಂದ ದಿನ ಅಪ್ಪ ಅದನ್ನು ಹಳೇ ಕಾರ್ಡಿನ ಪಕ್ಕ ಇಟ್ಟು ನೋಡಿದರು. ಹಿಂದಿನ ಸಲ ರಸಸಾರ 6.0 ಇತ್ತು, ಈ ಸಲ 5.0. "ಒಂದು ಪಾಯಿಂಟ್ ತಾನೇ, ಏನಾಗಲ್ಲ ಬಿಡು" ಅಂದು ಎರಡನ್ನೂ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ನಾನೂ ತಲೆಯಾಡಿಸಿದೆ. ರಾತ್ರಿ ಊಟದ ಹೊತ್ತಿಗೆ ನೆನಪಾಯಿತು. ರಸಸಾರ ಅಂದರೆ ಪಿಎಚ್. ಪಿಎಚ್ ಅಂದರೆ ಲಾಗ್. ಅಲ್ಲಿ ಒಂದು ಇಳಿದರೆ ಬರೀ ಒಂದು ಇಳಿದಂತಲ್ಲ. ಮಣ್ಣಿನ ಹುಳಿ ಹತ್ತು ಪಟ್ಟಾಗಿದೆ ಅಂತ ಅರ್ಥ.

"ಹತ್ತು ಪಟ್ಟಾ? ಹಾಗಾದರೆ ಕಾರ್ಡಿನಲ್ಲಿ ಹಾಗೇ ಬರೀಬಹುದಿತ್ತಲ್ಲ?" ಅಂತ ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ಲಾಗ್ ಟೇಬಲ್ ಹಿಡಿದವರೇ. ನನ್ನದು ಸೀನಿಯರ್ ಒಬ್ಬರಿಂದ ಬಂದ ತೆಳ್ಳನೆ ಪುಸ್ತಕ. ಹಾಳೆ ತುಂಬ ನಾಲ್ಕಂಕಿಯ ಸಾಲುಗಳು. ಕ್ಯಾರೆಕ್ಟರಿಸ್ಟಿಕ್, ಮ್ಯಾಂಟಿಸಾ, ಬಾರ್ ಒನ್, ಆಂಟಿಲಾಗ್ ಅಂತ ಬೆರಳಿಟ್ಟು ಹುಡುಕಲು ಕಲಿತೆವು. ಪ್ರಾಕ್ಟಿಕಲ್ ಪಾಸಾಗಲು ಅಷ್ಟು ಸಾಕಿತ್ತು. ಆದರೆ ಲಾಗ್ ಅಂದರೆ ಏನು ಅಂತ ಪಾಠ ಮಾಡಿದವರು ಹೇಳಲಿಲ್ಲ. ಕೇಳಿದರೆ ಸೂತ್ರ ಬರೆದು ತೋರಿಸಿದರು. ಸೂತ್ರ ಬಾಯಿಪಾಠವಾಯಿತು, ಅರ್ಥ ಸಿಗಲಿಲ್ಲ. ಅದು ನನಗೆ ಈಗಲೂ ಬೇಜಾರು. ಯಾಕೆಂದರೆ ಆ ಅರ್ಥಕ್ಕೆ ಎರಡು ಪದ ಸಾಕು: ಎಷ್ಟು ಸಲ?

ಹತ್ತನ್ನು ಎಷ್ಟು ಸಲ ಗುಣಿಸಿದರೆ ನೂರು ಬರುತ್ತದೆ? ಎರಡು ಸಲ. ಹಾಗಾಗಿ ನೂರರ ಲಾಗ್ 2. ಸಾವಿರದ ಲಾಗ್ 3, ಲಕ್ಷದ್ದು 5, ಕೋಟಿಯದು 7. ಒಂದರ ಲಾಗ್ ಸೊನ್ನೆ, ಯಾಕೆಂದರೆ ಅಲ್ಲಿಗೆ ಹೋಗಲು ಒಂದು ಸಲವೂ ಗುಣಿಸಬೇಕಿಲ್ಲ. ಅಂದರೆ ಸುಮ್ನೆ ಸೊನ್ನೆ ಎಣಿಸಿದರಾಯಿತು. "ಅವರ ಮಗಳಿಗೆ ಆರಂಕಿ ಸಂಬಳವಂತೆ" ಅನ್ನುವಾಗ ನಾವು ಮಾಡುವುದೂ ಇದನ್ನೇ ಅಲ್ವಾ? ಇಪ್ಪತ್ತು ಸಾವಿರ ಐದಂಕಿ, ಎರಡು ಲಕ್ಷ ಆರಂಕಿ. ಅಂಕಿ ಒಂದೇ ಏರಿತು, ದುಡ್ಡು ಹತ್ತು ಪಟ್ಟಾಯಿತು.

ಇನ್ನು 10 ಮತ್ತು 100ರ ನಡುವೆ ಇರುವ ಸಂಖ್ಯೆಗಳ ಕಥೆ ಏನು? ಹತ್ತು ಪಟ್ಟಾಗುವುದನ್ನು ಒಂದು ಹೆಜ್ಜೆ ಅಂತ ಇಟ್ಟುಕೊಳ್ಳಿ. ಅರ್ಧ ಹೆಜ್ಜೆ ಇಟ್ಟರೆ ಎಷ್ಟು ಪಟ್ಟಾಗಬೇಕು? ಐದು ಪಟ್ಟು ಅಂತ ಬಾಯಿಗೆ ಬರುತ್ತದೆ. ಆದರೆ ಐದು ಪಟ್ಟಿನ ಎರಡು ಹೆಜ್ಜೆ ಇಟ್ಟರೆ 25 ಆಗಿಬಿಡುತ್ತದೆ. ಎರಡು ಅರ್ಧ ಹೆಜ್ಜೆ ಸೇರಿ ಸರಿಯಾಗಿ ಹತ್ತು ಪಟ್ಟಾಗಬೇಕು. 3.16ನ್ನು 3.16ರಿಂದ ಗುಣಿಸಿದರೆ ಹೆಚ್ಚುಕಡಿಮೆ ಹತ್ತು. ಹಾಗಾಗಿ ಅರ್ಧ ಹೆಜ್ಜೆ ಅಂದರೆ 3.16 ಪಟ್ಟು. ಇನ್ನೊಂದು ಮಾತಿನಲ್ಲಿ, 3.16ರ ಲಾಗ್ 0.5.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಲಾಗ್ ಟೇಬಲ್ ಬೇಡ, ಕ್ಯಾಲ್ಕುಲೇಟರೂ ಬೇಡ. ಎರಡರ ಮಗ್ಗಿ ಗೊತ್ತಿದ್ದರೆ ಸಾಕು.

ಎರಡನ್ನು ದುಪ್ಪಟ್ಟು ಮಾಡುತ್ತಾ ಹೋಗಿ. 2, 4, 8, 16, 32, 64, 128, 256, 512, 1024. ಹತ್ತು ಎರಡುಗಳನ್ನು ಗುಣಿಸಿದಾಗ 1024. ಅದು ಸಾವಿರಕ್ಕೆ ಎಷ್ಟು ಹತ್ತಿರ ನೋಡಿ. ಸಾವಿರ ಅಂದರೆ ಹತ್ತು ಪಟ್ಟಿನ ಮೂರು ಹೆಜ್ಜೆ. ಅಂದಮೇಲೆ ದುಪ್ಪಟ್ಟಿನ ಹತ್ತು ಹೆಜ್ಜೆಯೂ ಹತ್ತು ಪಟ್ಟಿನ ಮೂರು ಹೆಜ್ಜೆಯೂ ಹೆಚ್ಚುಕಡಿಮೆ ಒಂದೇ ದೂರ. ಹಾಗಾದರೆ ಒಂದು ದುಪ್ಪಟ್ಟು ಎಷ್ಟು ದೂರ? ಮೂರನ್ನು ಹತ್ತರಿಂದ ಭಾಗಿಸಿ: 0.3. ಲಾಗ್ ಟೇಬಲ್ ತೆರೆದು ಎರಡರ ಮುಂದೆ ನೋಡಿದರೆ 0.3010 ಅಂತ ಇರುತ್ತದೆ. ನಮ್ಮ ಬಾಯಿಲೆಕ್ಕ ಎಷ್ಟು ಹತ್ತಿರ ಬಂತು!

ಇಷ್ಟು ಸಿಕ್ಕಿದ ಮೇಲೆ ಉಳಿದದ್ದೆಲ್ಲ ಸಾಲಾಗಿ ಬರುತ್ತದೆ. ನಾಲ್ಕು ಅಂದರೆ ಎರಡು ದುಪ್ಪಟ್ಟು, ಅದರ ಲಾಗ್ 0.6. ಎಂಟು ಅಂದರೆ ಮೂರು ದುಪ್ಪಟ್ಟು, 0.9. ಐದು ಅಂದರೆ ಹತ್ತರ ಅರ್ಧ. ಒಂದರಿಂದ 0.3 ಕಳೆದರೆ 0.7. ಮೂರಕ್ಕೆ ಸ್ವಲ್ಪ ಯೋಚಿಸಬೇಕು. ಮೂರನ್ನು ನಾಲ್ಕು ಸಲ ಗುಣಿಸಿದರೆ 81. ಅದು ಎಂಬತ್ತರ ಪಕ್ಕದ ಮನೆ. ಎಂಬತ್ತರ ಲಾಗ್ 1.9 (ಎಂಟರ 0.9, ಹತ್ತರ 1). ನಾಲ್ಕರಿಂದ ಭಾಗಿಸಿದರೆ 0.475. ಟೇಬಲ್ಲಿನಲ್ಲಿ 0.4771 ಇದೆ. ಏಳಕ್ಕೂ ಒಂದು ಉಪಾಯವಿದೆ. ಏಳೇಳು ನಲವತ್ತೊಂಬತ್ತು, ಅದು ಐವತ್ತರ ಪಕ್ಕ. ಐವತ್ತರ ಲಾಗ್ 1.7. ಅದರ ಅರ್ಧ 0.85. ಟೇಬಲ್ಲಿನ ಉತ್ತರ 0.8451. ಆರು ಮತ್ತು ಒಂಬತ್ತನ್ನು ನಿಮಗೇ ಬಿಟ್ಟಿದ್ದೇನೆ. ಒಂದು ಚೀಟಿಯ ಹಿಂದೆ ಮಾಡಿ ನೋಡಿ, ಎರಡು ನಿಮಿಷದ ಕೆಲಸ.

ಇಲ್ಲಿ ನಾವು ಒಂದು ಕಡೆಯೂ ಸೂತ್ರ ಬಳಸಲಿಲ್ಲ. ಆದರೂ ಲಾಗಿನ ಮುಖ್ಯ ಗುಣ ತಾನಾಗೇ ಬಂದುಬಿಟ್ಟಿತು. ಸಂಖ್ಯೆಗಳನ್ನು ಗುಣಿಸಿದಾಗ ಲಾಗ್‌ಗಳು ಕೂಡುತ್ತವೆ. ಭಾಗಿಸಿದಾಗ ಕಳೆಯುತ್ತವೆ. ಮೂರರ 0.4771ಕ್ಕೆ ನಾಲ್ಕರ 0.6021 ಸೇರಿಸಿ: 1.0792. ಟೇಬಲ್ಲಿನಲ್ಲಿ 1.0792 ಯಾರ ಲಾಗ್ ಅಂತ ಹುಡುಕಿದರೆ ಹನ್ನೆರಡು ಸಿಗುತ್ತದೆ. ಮೂರ್ನಾಲ್ಕು ಹನ್ನೆರಡು, ಆದರೆ ಗುಣಾಕಾರ ಮಾಡದೆ.

ಮೂರ್ನಾಲ್ಕು ಹನ್ನೆರಡಕ್ಕೆ ಇದೆಲ್ಲ ಬೇಕಿಲ್ಲ ನಿಜ. ಏಳೇಳು ಅಂಕಿಯ ಸಂಖ್ಯೆಗಳನ್ನು ದಿನಕ್ಕೆ ನೂರು ಸಲ ಗುಣಿಸಬೇಕಾದವರಿಗೆ ಬೇಕಿತ್ತು. ಗ್ರಹಗಳ ಚಲನೆಯ ಲೆಕ್ಕ ಮಾಡುತ್ತಿದ್ದವರು, ಸಮುದ್ರದಲ್ಲಿ ಹಡಗಿನ ದಾರಿ ಗುರುತಿಸುತ್ತಿದ್ದವರು ಇದರಲ್ಲೇ ಆಯುಷ್ಯ ಕಳೆಯುತ್ತಿದ್ದರು. ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ಜಮೀನುದಾರ ಜಾನ್ ನೇಪಿಯರ್ ಸುಮಾರು ಇಪ್ಪತ್ತು ವರ್ಷ ಕೂತು ಲೆಕ್ಕ ಹಾಕಿ 1614ರಲ್ಲಿ ತನ್ನ ಲಾಗ್ ಪಟ್ಟಿಯನ್ನು ಪ್ರಕಟಿಸಿದ. ಲಾಗರಿದಮ್ ಅನ್ನುವ ಪದವೂ ಅವನದೇ. ಮರುವರ್ಷವೇ ಲಂಡನ್ನಿನ ಗಣಿತದ ಮೇಷ್ಟ್ರು ಹೆನ್ರಿ ಬ್ರಿಗ್ಸ್ ಅಷ್ಟು ದೂರ ಪ್ರಯಾಣ ಮಾಡಿ ಅವನನ್ನು ಕಂಡ. ಲೆಕ್ಕವನ್ನು ಹತ್ತರ ಮೇಲೆ ಕಟ್ಟೋಣ, ಒಂದರ ಲಾಗ್ ಸೊನ್ನೆ ಇರಲಿ ಅಂತ ಇಬ್ಬರೂ ಮಾತಾಡಿಕೊಂಡರು. 1617ರಲ್ಲಿ ನೇಪಿಯರ್ ತೀರಿಕೊಂಡ. ಬ್ರಿಗ್ಸ್ 1624ರಲ್ಲಿ ಮೂವತ್ತು ಸಾವಿರ ಸಂಖ್ಯೆಗಳ ಲಾಗ್‌ಗಳನ್ನು ಹದಿನಾಲ್ಕು ದಶಮಾಂಶದವರೆಗೆ ಕೊಟ್ಟ. ಎಲ್ಲವೂ ಕೈಲೆಕ್ಕ. ನಾವು ಪಿಯುಸಿಯಲ್ಲಿ ಬೆರಳಿಟ್ಟ ಸಾಲುಗಳ ಮೂಲ ಅಲ್ಲಿದೆ.

ಆದರೆ ‘ಎಷ್ಟು ಸಲ’ ಅನ್ನುವ ಪ್ರಶ್ನೆ ಅದಕ್ಕಿಂತ ತುಂಬಾ ಹಳೆಯದು. ಅದರ ಒಂದು ಗುರುತು ನಮ್ಮ ಮೂಡುಬಿದಿರೆಯಲ್ಲಿದೆ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ನೂರಾರು ವರ್ಷ ಜೋಪಾನವಾಗಿ ಉಳಿದ ತಾಳೆಗರಿಗಳಲ್ಲಿ ‘ಧವಲಾ’ ಒಂದು. ಜೈನರ ಧರ್ಮಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಸುಮಾರು 1200 ವರ್ಷಗಳ ಹಿಂದೆ ಬರೆದ ವ್ಯಾಖ್ಯಾನ ಅದು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಗರಿಯ ಮೇಲಿನ ಲಿಪಿ ಹಳಗನ್ನಡದ್ದು. ವೀರಸೇನರ ಶಿಷ್ಯ ಜಿನಸೇನರು. ಜಿನಸೇನರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನಿಗೆ ಗುರುಗಳು.

ಧವಲಾದಲ್ಲಿ ‘ಅರ್ಧಚ್ಛೇದ’ ಅನ್ನುವ ಮಾತು ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಅರ್ಧಚ್ಛೇದ. 32ನ್ನು ತಗೊಳ್ಳಿ. 16, 8, 4, 2, 1. ಐದು ಸಲ ಅರ್ಧವಾಯಿತು. 32ರ ಅರ್ಧಚ್ಛೇದ ಐದು. ಇವತ್ತಿನ ಭಾಷೆಯಲ್ಲಿ ಇದು ಎರಡರ ಆಧಾರದ ಲಾಗ್. ಮೂರು ಪಾಲು ಮಾಡುತ್ತಾ ಹೋದರೆ ತ್ರಿಕಚ್ಛೇದ, ನಾಲ್ಕು ಪಾಲು ಮಾಡಿದರೆ ಚತುರ್ಥಚ್ಛೇದ. ಗುಣಿಸಿದಾಗ ಅರ್ಧಚ್ಛೇದಗಳು ಕೂಡುತ್ತವೆ, ಭಾಗಿಸಿದಾಗ ಕಳೆಯುತ್ತವೆ ಅನ್ನುವ ನಿಯಮವೂ ಅಲ್ಲಿದೆ. ಲೋಕದ ಅಳತೆಯಂಥ ದೊಡ್ಡ ದೊಡ್ಡ ಸಂಖ್ಯೆಗಳನ್ನು ಹಿಡಿತಕ್ಕೆ ತರಲು ಜೈನ ಪಂಡಿತರಿಗೆ ಇದು ಬೇಕಿತ್ತು. ಅವರು ನೇಪಿಯರ್ ಥರ ಲೆಕ್ಕದ ಪಟ್ಟಿ ಕಟ್ಟಲಿಲ್ಲ. ಆದರೆ ವಿಚಾರ ಅದೇ. ‘ಲಘುಗಣಕ’ ಅಂತ ಪಠ್ಯಪುಸ್ತಕದ ಪದ ಹೇಳುವುದಕ್ಕಿಂತ ಅರ್ಧಚ್ಛೇದದಿಂದ ಶುರು ಮಾಡಿದ್ದರೆ ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಬೇಗ ಹೊಳೆಯುತ್ತಿತ್ತು ಅಂತ ನನಗನ್ನಿಸುತ್ತದೆ.

ಅದೇ ಅರ್ಧಚ್ಛೇದ ಇವತ್ತು ಪ್ರತಿ ಕಂಪ್ಯೂಟರಿನ ಒಳಗೆ ಕೆಲಸ ಮಾಡುತ್ತಿದೆ. ನಿಘಂಟಿನಲ್ಲಿ ಪದ ಹುಡುಕುವಾಗ ನಾವು ಮೊದಲ ಪುಟದಿಂದ ಓದುವುದಿಲ್ಲ. ನಡುವೆ ತೆರೆಯುತ್ತೇವೆ, ಆ ಕಡೆಯೋ ಈ ಕಡೆಯೋ ನೋಡುತ್ತೇವೆ, ಉಳಿದ ಅರ್ಧವನ್ನು ಬಿಡುತ್ತೇವೆ. ಅಕಾರಾದಿಯಾಗಿ ಜೋಡಿಸಿದ ಹತ್ತು ಲಕ್ಷ ಹೆಸರುಗಳಿದ್ದರೂ ಹೀಗೆ ಇಪ್ಪತ್ತು ಸಲ ಅರ್ಧ ಮಾಡಿದರೆ ಒಂದೇ ಹೆಸರು ಉಳಿಯುತ್ತದೆ. ಪಟ್ಟಿ ಇಪ್ಪತ್ತು ಲಕ್ಷಕ್ಕೆ ಬೆಳೆದರೆ? ಇಪ್ಪತ್ತೊಂದು ಸಲ. ಒಂದೇ ಒಂದು ಸಲ ಜಾಸ್ತಿ.

ಈಗ 0.3ಕ್ಕೆ ವಾಪಸ್ ಬರೋಣ. ಆ ಪುಟ್ಟ ಸಂಖ್ಯೆ ಕೈಯಲ್ಲಿದ್ದರೆ ಪೇಪರಿನಲ್ಲಿ ಬರುವ ಎಷ್ಟೋ ಸುದ್ದಿಗಳು ಬೇರೆಯಾಗಿ ಕಾಣುತ್ತವೆ.

ಶಬ್ದವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಇಲ್ಲಿ ಹತ್ತು ಪಟ್ಟಿನ ಒಂದು ಹೆಜ್ಜೆಯನ್ನು ಹತ್ತು ಭಾಗ ಮಾಡಿದ್ದಾರೆ, ಅಷ್ಟೇ. ಹಾಗಾಗಿ ಶಬ್ದದ ಶಕ್ತಿ ಹತ್ತು ಪಟ್ಟಾದರೆ 10 ಡೆಸಿಬೆಲ್ ಏರುತ್ತದೆ, ದುಪ್ಪಟ್ಟಾದರೆ 3. ಜಾತ್ರೆಯಲ್ಲಿ 80 ಡೆಸಿಬೆಲ್ ಕೊಡುವ ಒಂದು ಸ್ಪೀಕರ್ ಪಕ್ಕ ಅಂಥದ್ದೇ ಇನ್ನೊಂದು ಇಟ್ಟರೆ 160 ಆಗುವುದಿಲ್ಲ, 83 ಆಗುತ್ತದೆ. ನಮ್ಮ ದೇಶದ 2000ನೇ ಇಸವಿಯ ಶಬ್ದ ನಿಯಮದ ಪ್ರಕಾರ ಜನವಸತಿ ಇರುವ ಕಡೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ನೋಡಲು ಹತ್ತೇ ವ್ಯತ್ಯಾಸ. ನಿಜದಲ್ಲಿ ರಾತ್ರಿಯ ಮಿತಿ ಹಗಲಿನ ಹತ್ತನೇ ಒಂದು ಪಾಲು. ರಾತ್ರಿ ಹನ್ನೊಂದಕ್ಕೆ ಬೀದಿಯ ಮೈಕು ನಿಮ್ಮ ಮನೆ ಬಾಗಿಲಲ್ಲಿ 75 ತೋರಿಸಿದರೆ ಅದು ಮಿತಿಗಿಂತ ಸಾವಿರ ಪಟ್ಟು. "ಮೂವತ್ತು ತಾನೇ ಜಾಸ್ತಿ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಿದ್ದೆಗೆಟ್ಟ ಮಗು, ಹಾಸಿಗೆ ಹಿಡಿದ ಅಜ್ಜಿ ಇರುವ ಮನೆಗೆ ಆ ಮೂವತ್ತು ಎಂಥದ್ದು ಅಂತ ಅವರಿಗೆ ಅರ್ಥವಾಗಬೇಕು.

ಹಾಗಾದರೆ ಕಿವಿಗೆ ಸಾವಿರ ಪಟ್ಟು ಅನ್ನಿಸುವುದಿಲ್ಲವಲ್ಲ? ಅನ್ನಿಸುವುದಿಲ್ಲ, ಹೌದು. ನಮ್ಮ ಇಂದ್ರಿಯಗಳು ವ್ಯತ್ಯಾಸ ಗುರುತಿಸುವುದೇ ಪಟ್ಟುಗಳ ಲೆಕ್ಕದಲ್ಲಿ. ಕೈಯಲ್ಲಿ ಒಂದು ಕೆಜಿ ಚೀಲವಿದ್ದಾಗ ಇನ್ನೊಂದು ಕೆಜಿ ಹಾಕಿದರೆ ತಟ್ಟನೆ ಗೊತ್ತಾಗುತ್ತದೆ. ಇಪ್ಪತ್ತು ಕೆಜಿ ಮೂಟೆಗೆ ಒಂದು ಕೆಜಿ ಸೇರಿಸಿದರೆ ಹೊತ್ತವರಿಗೆ ಗೊತ್ತಾಗುವುದೇ ಕಷ್ಟ. ಪಿಸುಮಾತು ಮತ್ತು ಗುಡುಗು ಎರಡನ್ನೂ ಒಂದೇ ಕಿವಿಯಲ್ಲಿ ಕೇಳಬೇಕಾದರೆ ಹೀಗೆ ಕುಗ್ಗಿಸಿಕೊಳ್ಳದೆ ದಾರಿಯಿಲ್ಲ.

ಭೂಕಂಪದ ಸುದ್ದಿಯಲ್ಲಿ ಈ ತಿಳಿವಳಿಕೆ ಇನ್ನೂ ಹೆಚ್ಚು ಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಬೀದರ್, ಕಲಬುರಗಿ ಕಡೆಯವರೂ ಎದ್ದು ಹೊರಗೆ ಓಡಿದ್ದರು. ಅದರ ತೀವ್ರತೆ 6.2. 2001ರ ಜನವರಿ 26ರ ಭುಜ್ ಭೂಕಂಪದ್ದು 7.7. ಒಂದೂವರೆ ಪಾಯಿಂಟ್ ಅಂತರ. ಈ ಅಳತೆಯಲ್ಲಿ ಒಂದು ಪಾಯಿಂಟಿಗೆ ಅಲೆಯ ಎತ್ತರ ಹತ್ತು ಪಟ್ಟಾಗುತ್ತದೆ, ಹೊರಬೀಳುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. ಅಂದರೆ ಶಕ್ತಿಯ ಲೆಕ್ಕದಲ್ಲಿ ಒಂದು ಪಾಯಿಂಟ್ ಅಂದರೆ ಒಂದೂವರೆ ಹೆಜ್ಜೆ. ಒಂದೂವರೆ ಪಾಯಿಂಟಿಗೆ ಎರಡೂಕಾಲು ಹೆಜ್ಜೆ. ಎರಡು ಹೆಜ್ಜೆಗೇ ನೂರು ಪಟ್ಟು, ಕಾಲು ಹೆಜ್ಜೆಗೆ ಅದರ ಒಂದೂಮುಕ್ಕಾಲು ಪಟ್ಟು. ಭುಜ್‌ನಲ್ಲಿ ಹೊರಬಂದ ಶಕ್ತಿ ಕಿಲ್ಲಾರಿಯ ಸುಮಾರು 180 ಪಟ್ಟು. ಬರೀ 0.2 ಏರಿದರೂ ಶಕ್ತಿ ದುಪ್ಪಟ್ಟು, ಯಾಕೆಂದರೆ 0.2ರ ಒಂದೂವರೆ ಪಟ್ಟು ಅದೇ 0.3.

ಆದರೆ ಸಾವುನೋವು ಈ ಅಂಕಿಯನ್ನು ಮಾತ್ರ ಕೇಳಿ ಬರುವುದಿಲ್ಲ. ಕಿಲ್ಲಾರಿಯಲ್ಲಿ ಭೂಕಂಪದ ಕೇಂದ್ರ ಆಳದಲ್ಲಿರಲಿಲ್ಲ, ಜನ ಮಲಗಿದ್ದ ಹೊತ್ತು, ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳು. ಸುಮಾರು ಹತ್ತು ಸಾವಿರ ಜನ ಹೋದರು.

ದುಡ್ಡಿನ ವಿಷಯಕ್ಕೆ ಬಂದರೆ ಪ್ರಶ್ನೆ ‘ಎಷ್ಟು ಸಲ’ ಹೋಗಿ ‘ಎಷ್ಟು ವರ್ಷ’ ಆಗುತ್ತದೆ. ಬ್ಯಾಂಕಿನಲ್ಲಿ 7 ಪರ್ಸೆಂಟ್ ಬಡ್ಡಿಗೆ ಎಫ್‌ಡಿ ಇಟ್ಟರೆ ಹಣ ಪ್ರತಿವರ್ಷ 1.07 ಪಟ್ಟಾಗುತ್ತದೆ. 1.07ರ ಲಾಗ್ 0.0294. ದುಪ್ಪಟ್ಟಿಗೆ ಬೇಕಾದ ದೂರ 0.3010. ಭಾಗಿಸಿದರೆ ಹತ್ತೂಕಾಲು ವರ್ಷ. ಇದನ್ನೇ ಬಾಯಿಲೆಕ್ಕಕ್ಕೆ ಇಳಿಸಿದರೆ 72ನ್ನು ಬಡ್ಡಿ ದರದಿಂದ ಭಾಗಿಸುವ ಉಪಾಯ. ಎಂಟು ಪರ್ಸೆಂಟಿಗೆ ಒಂಬತ್ತು ವರ್ಷ, ಆರಕ್ಕೆ ಹನ್ನೆರಡು ವರ್ಷ. ಇದೇ ಲೆಕ್ಕ ಸಾಲಕ್ಕೂ ನಡೆಯುತ್ತದೆ. ಹಳ್ಳಿ ಕಡೆ ಕೈಸಾಲಕ್ಕೆ "ನೂರಕ್ಕೆ ಮೂರು ರೂಪಾಯಿ" ಅಂತಾರೆ. ಅದು ವರ್ಷಕ್ಕಲ್ಲ, ತಿಂಗಳಿಗೆ. ಕಟ್ಟದ ಬಡ್ಡಿ ಅಸಲಿಗೆ ಸೇರುತ್ತಾ ಹೋದರೆ 72ನ್ನು ಮೂರರಿಂದ ಭಾಗಿಸಿ, 24 ತಿಂಗಳು. ಎರಡು ವರ್ಷಕ್ಕೆ ಸಾಲ ದುಪ್ಪಟ್ಟು, ನಾಲ್ಕು ವರ್ಷಕ್ಕೆ ನಾಲ್ಕು ಪಟ್ಟು. "ಮೂರೇ ರೂಪಾಯಿ" ಅಂತ ಸಹಿ ಹಾಕುವ ಮೊದಲು ಈ ಭಾಗಾಕಾರ ಮಾಡಿ ನೋಡಬೇಕು.

ಲಾಗನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ಒಂದು ವೀಣೆಯ ಮುಂದೆ ಕೂತುಕೊಳ್ಳಿ. ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳಿರುತ್ತವೆ. ಕೊಡದಂಥ ದೊಡ್ಡ ಬುರುಡೆಯ ಕಡೆಗೆ ಬರುತ್ತಾ ಬರುತ್ತಾ ಅವು ಹತ್ತಿರ ಹತ್ತಿರ ಆಗುತ್ತವೆ. ಅಂದಕ್ಕಾಗಿ ಹಾಗೆ ಮಾಡಿದ್ದಲ್ಲ. ಒಂದು ಸ್ಥಾಯಿ ಏರುವುದು ಅಂದರೆ ಕಂಪನ ದುಪ್ಪಟ್ಟಾಗುವುದು. ಆ ದುಪ್ಪಟ್ಟನ್ನು ಹನ್ನೆರಡು ಹೆಜ್ಜೆಗಳಲ್ಲಿ ಹತ್ತಬೇಕು, ಪ್ರತಿ ಹೆಜ್ಜೆಗೂ ಕಂಪನ ಸುಮಾರು 1.06 ಪಟ್ಟಾಗಬೇಕು. ಹಾಗಾಗಿ ಮೊದಲ ಹನ್ನೆರಡು ಮೆಟ್ಟಿಲುಗಳಿಗೆ ತಂತಿಯ ಅರ್ಧ ಉದ್ದ ಹೋಗುತ್ತದೆ, ಮುಂದಿನ ಹನ್ನೆರಡಕ್ಕೆ ಕಾಲು ಭಾಗ ಮಾತ್ರ ಸಿಗುತ್ತದೆ. ಕಿವಿಗೆ ಎಲ್ಲ ಹೆಜ್ಜೆಯೂ ಒಂದೇ ಅಳತೆ. ಕಣ್ಣಿಗೆ ಒಂದೊಂದೂ ಮೊದಲಿನದಕ್ಕಿಂತ ಕಿರಿದು. ಮೇಳ ಕಟ್ಟುವ, ಅಂದರೆ ಈ ಮೆಟ್ಟಿಲು ಕೂರಿಸುವ ಕುಶಲಕರ್ಮಿ ಲಾಗ್ ಟೇಬಲ್ ನೋಡುವುದಿಲ್ಲ. ಬಿಸಿ ಮೇಣದಲ್ಲಿ ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸುತ್ತಾ, ತಂತಿ ಮೀಟಿ ಕೇಳುತ್ತಾ ಜಾಗ ಹುಡುಕುತ್ತಾರೆ. ಕಿವಿ ಸರಿ ಅಂದ ಜಾಗ ಲಾಗ್ ಹೇಳುವ ಜಾಗದ ಪಕ್ಕದಲ್ಲೇ ಇರುತ್ತದೆ.

ಇನ್ನು ಅಪ್ಪನ ಪ್ರಶ್ನೆ. ಕಾರ್ಡಿನಲ್ಲಿ ನೇರವಾಗಿ ಯಾಕೆ ಬರೆಯುವುದಿಲ್ಲ?

ಹುಳಿಯನ್ನು ಅಳೆಯುವುದು ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳಿಂದ. ರಸಸಾರ 6 ಇದ್ದಾಗ ಅದು ಲೀಟರಿಗೆ 0.000001 ಮೋಲ್ (ಮೋಲ್ ಅಂದರೆ ರಸಾಯನಶಾಸ್ತ್ರದಲ್ಲಿ ಕಣಗಳನ್ನು ಎಣಿಸುವ ಅಳತೆ). 5 ಇದ್ದಾಗ 0.00001 ಮೋಲ್. ನಿಂಬೆರಸದಿಂದ ಸೋಪಿನ ನೀರಿನವರೆಗೆ ಬರೆಯುತ್ತಾ ಹೋದರೆ ಸೊನ್ನೆಗಳ ಕಾಡಾಗುತ್ತದೆ. ಒಂದು ಸೊನ್ನೆ ತಪ್ಪಿದರೆ ಲೆಕ್ಕವೇ ತಪ್ಪು. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಸೋರೆನ್ಸನ್ ಅನ್ನುವ ರಸಾಯನ ವಿಜ್ಞಾನಿ ಇದಕ್ಕೆ ದಾರಿ ಹುಡುಕಿದ. ಒಂದನ್ನು ಹತ್ತರಿಂದ ಎಷ್ಟು ಸಲ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ ಅನ್ನುವುದನ್ನಷ್ಟೇ ಬರೆಯೋಣ ಅಂದ. ಅದೇ ಪಿಎಚ್. ಭಾಗಾಕಾರದ ಎಣಿಕೆಯಾದ್ದರಿಂದ ಅದು ತಿರುಗುಮುರುಗು. ಅಂಕಿ ಇಳಿದಷ್ಟೂ ಹುಳಿ ಏರುತ್ತದೆ. ಹಾಲು 6.6ರ ಆಸುಪಾಸು, ಮೊಸರು 4.5ರ ಹತ್ತಿರ. ಎರಡೇ ಅಂಕಿ ಇಳಿದಂತೆ ಕಂಡರೂ ಮೊಸರಿನಲ್ಲಿ ಹುಳಿ ನೂರು ಪಟ್ಟಿಗಿಂತ ಜಾಸ್ತಿ.

ಮಲೆನಾಡಿನಲ್ಲಿ ಜೋರು ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ, ಅದಕ್ಕೇ ನಮ್ಮ ಮಣ್ಣು ಹುಳಿಯಾಗುತ್ತದೆ. ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ರಸಸಾರ 8 ದಾಟುವುದೂ ಉಂಟು. ಹುಳಿ ಹತ್ತು ಪಟ್ಟಾಯಿತು ಅಂತ ಸುಣ್ಣವನ್ನೂ ಹತ್ತು ಪಟ್ಟು ಸುರಿಯಬಾರದು. ಮಣ್ಣಿನ ಕಣಗಳು ಎಷ್ಟು ಹುಳಿಯನ್ನು ಹಿಡಿದಿಟ್ಟುಕೊಂಡಿವೆ ಅನ್ನುವುದರ ಮೇಲೆ ಸುಣ್ಣದ ಪ್ರಮಾಣ ನಿಂತಿದೆ, ಅದಕ್ಕೆ ಬೇರೆ ಪರೀಕ್ಷೆ ಇದೆ. ಅಪ್ಪ ಆ ಪರೀಕ್ಷೆಯನ್ನೂ ಮಾಡಿಸಿ, ಮಳೆಗಾಲಕ್ಕೆ ಮುಂಚೆ ಹೇಳಿದಷ್ಟೇ ಸುಣ್ಣ ಹಾಕಿಸಿದರು. ಮುಂದಿನ ವರ್ಷವೂ ಹಾಕಿಸಿದರು.

ಈ ಸಲದ ಕಾರ್ಡಿನಲ್ಲಿ 5.6 ಇದೆ. ಅಪ್ಪ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಲಿಲ್ಲ. ಕನ್ನಡಕ ಏರಿಸಿಕೊಂಡು, ಬೆರಳು ಮಡಚಿ, "0.3 ಒಂದು ಸಲ, ಇನ್ನೊಂದು 0.3. ಅರ್ಧದ ಅರ್ಧ. ಹುಳಿ ಕಾಲು ಭಾಗಕ್ಕೆ ಇಳೀತು" ಅಂದರು.